ಒಂದೆರಡು ಕಡೆ

ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಫ್ಯಾನಿನ ಕೆಳಗೆ ಇನ್ನೇನು ಅಡ್ಡಾಗಬೇಕು ಎನ್ನುವ ಹೊತ್ತಿಗೆ ಫೋನು ಕಿಣಿಕಿಣಿ ಎನ್ನುತ್ತದೆ. ಸಾಲ ಬೇಕೇ ಎಂದು ಕೇಳುವವರಲ್ಲ, ಹವಾಮಾನ ಇಲಾಖೆಯವರು. ಮುಂದಿನ ಮೂರು ಗಂಟೆಗಳಲ್ಲಿ ಬೆಂಗಳೂರು ನಗರ, ಗ್ರಾಮಾಂತರ, ಕೋಲಾರ, ತುಮಕೂರು ಜಿಲ್ಲೆಗಳ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ, ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸುವ ಸಾಧ್ಯತೆ ಇದೆಯಂತೆ. ಕಿಟಕಿಯಾಚೆ ನೋಡಿದರೆ ಕಣ್ಣು ಕುಕ್ಕುವ ಬಿಸಿಲು. ಕಾಗೆ ಕೂಡ ನೆರಳು ಹುಡುಕಿಕೊಂಡು ನೀರಿನ ತೊಟ್ಟಿಯ ಹಿಂದೆ ಕೂತಿದೆ.

ನಮ್ಮ ಎದುರು ಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಈ ಸಂದೇಶ ಬಂತೆಂದರೆ ಅವರು ಗೇಟಿಗೆ ಬಂದು ನಿಲ್ಲುತ್ತಾರೆ. “ಒಂದೆರಡು ಕಡೆ ಅಂದ್ರೆ ಯಾವ ಕಡೆ ಅಂತ ಹೇಳಮ್ಮ ನೋಡೋಣ. ಮಳೆ ಬಂದ್ರೆ ‘ಹೇಳಿದ್ವಲ್ಲ’ ಅಂತಾರೆ. ಬರದಿದ್ರೆ ‘ಆ ಒಂದೆರಡರಲ್ಲಿ ನೀವು ಸೇರಿರ್ಲಿಲ್ಲ’ ಅಂತಾರೆ. ನನ್ನ ಕ್ಲಾಸಲ್ಲಿ ಹುಡುಗ್ರು ಹಿಂಗೆ ಉತ್ತರ ಬರೆದಿದ್ರೆ ಸೊನ್ನೆ ಸುತ್ತಿ ಕೊಡ್ತಿದ್ದೆ.”

ನಾನು ಇಲಾಖೆಯ ಪರ. ನನಗೆ ಅಲ್ಲಿ ನೆಂಟರೂ ಇಲ್ಲ, ಋಣವೂ ಇಲ್ಲ. ಆದರೂ ದಿನವಿಡೀ ನನ್ನ ಫೋನಿಗೆ ಬಂದು ಬೀಳುವ ಮಾತುಗಳಲ್ಲಿ, ತನಗೆ ಎಷ್ಟು ಗೊತ್ತೋ ಅಷ್ಟನ್ನೇ ಹೇಳುವ ಮಾತು ಇದೊಂದೇ ಎಂದು ನನ್ನ ಅಭಿಪ್ರಾಯ. ತೂಕ ಇಳಿಸುತ್ತೇವೆ ಎನ್ನುವವರು, ಕೂದಲು ಬರಿಸುತ್ತೇವೆ ಎನ್ನುವವರು, ಸೈಟು ಕೊಡಿಸುತ್ತೇವೆ ಎನ್ನುವವರು ಯಾರಾದರೂ ‘ಒಂದೆರಡು ತಲೆಗಳಲ್ಲಿ ಕೂದಲು ಬರುವ ಸಾಧ್ಯತೆ ಇದೆ’ ಎಂದದ್ದು ಉಂಟೇ?

ಅಷ್ಟಕ್ಕೂ ಈ ‘ಒಂದೆರಡು ಕಡೆ’ಗೆ ಲೆಕ್ಕವಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಂಡರೆ ಅದು ಒಂದೆರಡು ಕಡೆ. 26ರಿಂದ 50ರವರೆಗೆ ಕೆಲವು ಕಡೆ. 51ರಿಂದ 75ರವರೆಗೆ ಹಲವು ಕಡೆ. ಅದನ್ನು ದಾಟಿದರೆ ಬಹುತೇಕ ಕಡೆ. ರೇಡಿಯೋದಲ್ಲಿ ಪ್ರದೇಶ ಸಮಾಚಾರದ ಬಾಲದಲ್ಲಿ, ಅಷ್ಟರಲ್ಲಿ ನಾವು ಎದ್ದು ಒಗ್ಗರಣೆ ಹಾಕಲು ಹೋಗಿರುತ್ತೇವಲ್ಲ ಆಗ, ಓದುವವರು ಬಾಯಿಗೆ ಬಂದದ್ದನ್ನು ಓದುತ್ತಿರಲಿಲ್ಲ. ಪ್ರತಿ ಪದಕ್ಕೂ ಅಂಕಿ ಕಟ್ಟಿಟ್ಟಿದ್ದರು. ಇದನ್ನು ಹೇಳಿದಾಗ ಮೇಷ್ಟ್ರು ಸ್ವಲ್ಪ ಮೆತ್ತಗಾದರು. ಅಂಕಿ ಎಂದರೆ ಅವರಿಗೆ ಗೌರವ. ಆದರೆ ಪೂರ್ತಿ ಸೋಲುವವರಲ್ಲ. “ಹಾಗಾದ್ರೆ ಬುಧವಾರ ನಮ್ಮ ಕಡೆ ಯಾಕೆ ಬರಲಿಲ್ಲ?” ಎಂದರು. ಯಶವಂತಪುರದಲ್ಲಿ ಬಂತಲ್ಲ ಎಂದೆ. “ಯಶವಂತಪುರಕ್ಕೂ ನಮಗೂ ಏನು ಸಂಬಂಧ?”

ಸಂಬಂಧದ ಮಾತು ಬಂದರೆ ಇಲಾಖೆಯ ನಕ್ಷೆಯನ್ನು ನೋಡಬೇಕು. ಅವರ ಪ್ರಕಾರ ಕರ್ನಾಟಕಕ್ಕೆ ಇರುವುದು ಮೂರೇ ಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಮಲೆನಾಡಿಗೆ ಬೇರೆ ಮನೆ ಇಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಎಲ್ಲವೂ ದಕ್ಷಿಣ ಒಳನಾಡಿನಲ್ಲೇ ಸಂಸಾರ ಮಾಡಬೇಕು. ಅಂದರೆ ಮಳೆಗಾಲದಲ್ಲಿ ಒಣಗಿದ ಬಟ್ಟೆಯನ್ನೇ ಕಾಣದ ಆಗುಂಬೆಯವರೂ, ಮೋಡ ಕಂಡರೆ ಮನೆಯಿಂದ ಆಚೆ ಬಂದು ನೋಡುವ ಪಾವಗಡದವರೂ ಒಂದೇ ಛತ್ರಿಯ ಕೆಳಗೆ. ‘ದಕ್ಷಿಣ ಒಳನಾಡಿನ ಕೆಲವು ಕಡೆ ಮಳೆ’ ಎಂದಾಗ ಆ ಕೆಲವು ಯಾವುದೆಂದು ಪಾವಗಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಾಲ ಸುಧಾರಿಸಿದೆ, ಜಿಲ್ಲೆವಾರು ಹೇಳುತ್ತಾರೆ. ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬುದಿದೆ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲೆಂದು ಶುರುವಾದದ್ದು. ಈಗ ಗ್ರಾಮ ಪಂಚಾಯಿತಿ ಮಟ್ಟಕ್ಕೂ ತಾನೇ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕ ನೆಟ್ಟಿದ್ದಾರೆ, ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು. ನಮ್ಮೂರಿನ ಕಡೆ ಒಂದಿದೆ, ಪಂಚಾಯಿತಿ ಆಫೀಸಿನ ಹತ್ತಿರ, ಸುತ್ತ ತಂತಿಬೇಲಿ. ಅದು ಬಂದ ಮೇಲೆ ಊರಿನ ಹಿರಿಯರ ಒಂದು ಸುಖ ಹೋಯಿತು. ಮೊದಲು ‘ನಿನ್ನೆ ಏನು ಮಳೆ ಅಂತೀಯ, ಒಂದು ಉಕ್ಕೆಗೆ ಆಗುವಷ್ಟು ಹದ ಆಯ್ತು’ ಎಂದು ಅರಳಿಕಟ್ಟೆಯಲ್ಲಿ ಬೆಳೆಸಬಹುದಿತ್ತು. ಈಗ ಯಾವನೋ ಹುಡುಗ ಫೋನು ನೋಡಿ, “ಇಲ್ಲಣ್ಣ, ಹನ್ನೊಂದು ಮಿಲಿಮೀಟರ್” ಎಂದು ಬಿಡುತ್ತಾನೆ.

ಮಿಲಿಮೀಟರಿನ ಮಾತು ಬಂತು, ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಇಲಾಖೆಯ ಪುಸ್ತಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ‘ಭಾರಿ’, 115.5 ದಾಟಿದರೆ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಂತ ಭಾರಿ’. 2024ರ ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ 111.1 ಮಿ.ಮೀ. ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು 133 ವರ್ಷದ ದಾಖಲೆ. ನೂರಾರು ಮರ ಬಿದ್ದವು, ಎಂ.ಜಿ. ರಸ್ತೆಯ ಬಳಿ ಒಂದು ಕೊಂಬೆ ಮೆಟ್ರೊ ಹಳಿಯನ್ನೂ ಬಿಡಲಿಲ್ಲ. ಟಿ.ವಿ.ಯವರು ಪ್ರಳಯ ಎಂದರು. ಇಲಾಖೆಯ ಲೆಕ್ಕಕ್ಕೆ ಅದು ಬರೀ ‘ಭಾರಿ’. ಅತಿ ಭಾರಿ ಎನಿಸಿಕೊಳ್ಳಲು ಇನ್ನೂ ನಾಲ್ಕೂವರೆ ಮಿಲಿಮೀಟರ್ ಕೊರತೆ! ಆಗುಂಬೆಯವರು ಇದನ್ನು ಓದಿ ನಕ್ಕಿರಬೇಕು.

ಸರಿ, ಬೀದಿ ಹೆಸರು ಹಿಡಿದು ಏಕೆ ಹೇಳಲಾರರು? ಅನ್ನಕ್ಕೆ ಎಸರಿಟ್ಟವರಿಗೆ ಇದರ ಉತ್ತರ ಗೊತ್ತು. ನೀರು ಇನ್ನು ಐದು ನಿಮಿಷಕ್ಕೆ ಕುದಿಯುತ್ತದೆ ಎಂದು ಖಂಡಿತವಾಗಿ ಹೇಳಬಹುದು. ಮೊದಲ ಗುಳ್ಳೆ ಪಾತ್ರೆಯ ಯಾವ ಮೂಲೆಯಿಂದ ಏಳುತ್ತದೆ ಎಂದು ಯಾವ ಅಜ್ಜಿಯೂ ಹೇಳಲಾರಳು. ಬೇಸಗೆಯಲ್ಲಿ ನಮ್ಮ ಒಳನಾಡಿನ ನೆಲ ಹೀಗೆ ಕಾದಿರುತ್ತದೆ. ವಿದರ್ಭದ ಕಡೆಯಿಂದ ನಮ್ಮ ನೆತ್ತಿಯ ಮೇಲೆ ಹಾದು ತಮಿಳುನಾಡು, ಕೇರಳದವರೆಗೆ ಕಡಿಮೆ ಒತ್ತಡದ ಒಂದು ಪಟ್ಟಿ ಎಷ್ಟೋ ಸಲ ಮಲಗಿರುತ್ತದೆ. ಅದರ ಒಂದು ಮಗ್ಗುಲಿಗೆ ಒಣಗಾಳಿ, ಇನ್ನೊಂದು ಮಗ್ಗುಲಿಗೆ ಸಮುದ್ರದ ಕಡೆಯಿಂದ ಬಂದ ತೇವದ ಗಾಳಿ. ಕಾದ ಗಾಳಿ ಮೇಲೇಳುತ್ತದೆ, ಎಲ್ಲೋ ಒಂದು ಕಡೆ ದಾರಿ ಸಿಕ್ಕಿತೋ, ಮಧ್ಯಾಹ್ನ ಮೂರಕ್ಕೆ ಹತ್ತಿಯಷ್ಟಿದ್ದ ಮೋಡ ಐದಕ್ಕೆ ಹದಿಮೂರು, ಹದಿನಾಲ್ಕು ಕಿಲೋಮೀಟರ್ ಎತ್ತರಕ್ಕೆ ಹೋಗಿ ನಿಂತಿರುತ್ತದೆ. ಅದರ ಅಗಲವೋ ಕೆಲವೇ ಕಿಲೋಮೀಟರ್, ಆಯುಸ್ಸು ಹೆಚ್ಚೆಂದರೆ ಒಂದು ಗಂಟೆಯ ಆಸುಪಾಸು. ಹಾಗಾಗಿಯೇ ಜಯನಗರದಲ್ಲಿ ಆಲಿಕಲ್ಲು ಆಯುತ್ತಿರುವಾಗ ಬಸವನಗುಡಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿರುತ್ತಾರೆ.

ಮಳೆಗಿಂತ ಮೊದಲು ಗಾಳಿ ಬರುವುದಕ್ಕೂ ಇದೇ ಮೂಲ. ಮೋಡದೊಳಗೆ ಮಳೆ, ಆಲಿಕಲ್ಲು ಬೀಳತೊಡಗಿದಾಗ ಸುತ್ತಲಿನ ಗಾಳಿ ತಣ್ಣಗಾಗಿ ಭಾರವಾಗಿ ಅದೂ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದ ಮೇಲೆ ಎಲ್ಲಿಗೆ ಹೋಗಬೇಕು? ಸುತ್ತಲೂ ಹರಡಿಕೊಂಡು ಮಳೆಗಿಂತ ಮುಂದೆ ಓಡುತ್ತದೆ. ಬಾಗಿಲುಗಳು ದಡಾರನೆ ಬಡಿದುಕೊಂಡು, ಮಹಡಿಯ ಮೇಲಿನ ಪ್ಲಾಸ್ಟಿಕ್ ಬಕೆಟ್ಟು ಪಕ್ಕದವರ ಪಾಲಾಗಿ, ಸೆಕೆಯಲ್ಲಿ ಬೆಂದ ಮೈಗೆ ಥಟ್ಟನೆ ತಣ್ಣಗೆ ತಾಗುತ್ತದಲ್ಲ, ಅದು ಹಲವು ಕಿಲೋಮೀಟರ್ ಮೇಲಿನಿಂದ ಇಳಿದು ಬಂದ ಗಾಳಿ. ಇದಕ್ಕೂ ಇಲಾಖೆಯವರ ಅಳತೆ ಇದೆ: ಗಾಳಿಯ ವೇಗ ಇದ್ದಕ್ಕಿದ್ದಂತೆ ಸೆಕೆಂಡಿಗೆ 8 ಮೀಟರಾದರೂ ಏರಿ, 11 ಮೀಟರ್ ಮುಟ್ಟಿ, ಕನಿಷ್ಠ ಒಂದು ನಿಮಿಷ ನಿಲ್ಲಬೇಕು. ಆಗ ಅದು ಅವರ ಪುಸ್ತಕದಲ್ಲಿ ಬಿರುಗಾಳಿ. ಅರ್ಧ ನಿಮಿಷದಲ್ಲಿ ನಮ್ಮ ಶೀಟು ಹಾರಿಸಿಕೊಂಡು ಹೋದದ್ದು ಏನೂ ಅಲ್ಲ.

ಈ 40, 50, 60 ಎಂಬ ಅಂಕಿಗಳಿಗೆ ನಾವು ಹೆದರದಿರಲು ಕಾರಣ, ನಮ್ಮ ಸ್ಕೂಟರಿಗೂ ಅದೇ ಅಂಕಿಗಳಿವೆ. 50 ಎಂದರೆ ಏನು, ಮೈಸೂರು ರಸ್ತೆಯಲ್ಲಿ ಆ ವೇಗದಲ್ಲಿ ಹೋದರೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಆದರೆ ಗಾಳಿಯ ಹೊಡೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರ ಗಾಳಿಗಿಂತ 60ರ ಗಾಳಿ ಒಂದೂವರೆ ಪಟ್ಟು ಅಲ್ಲ, ಎರಡೂಕಾಲು ಪಟ್ಟು ಜೋರಾಗಿ ತಳ್ಳುತ್ತದೆ. ಈ ಲೆಕ್ಕ ಮೇಷ್ಟ್ರೇ ಹೇಳಿಕೊಟ್ಟದ್ದು. ಅದೂ ರಸ್ತೆ ಕೊನೆಯ ಗುಲ್‌ಮೊಹರ್ ಬೇರುಸಹಿತ ಬಂದು ಅವರ ಕಾರಿನ ಮೇಲೆ ಒರಗಿದ ಮಾರನೆಯ ದಿನ.

ಬೆಂಗಳೂರಿನ ಮರಗಳ ಕತೆಯೇ ಒಂದು. 1980ರ ದಶಕದಲ್ಲಿ ಎಸ್.ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿ ಈ ಊರಿನಲ್ಲಿ 15 ಲಕ್ಷದಷ್ಟು ಸಸಿ ನೆಡಿಸಿದರು. ನಾವು ಇಂದು ಗಾಡಿ ನಿಲ್ಲಿಸಲು ಹುಡುಕುವ ನೆರಳಿನಲ್ಲಿ ದೊಡ್ಡ ಪಾಲು ಆ ಪುಣ್ಯಾತ್ಮರದು. ನೋಡಲು ಚೆಂದವೆಂದು ಬೇರೆ ಬೇರೆಯವರು ತಂದು ನೆಟ್ಟ ಪರದೇಶದ ಮರಗಳೂ ನಮ್ಮಲ್ಲಿ ಕಡಿಮೆ ಇಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂತು, ಮಳೆಮರ ಅಮೆರಿಕ ಖಂಡದಿಂದ, ಮಕ್ಕಳು ಮೊಗ್ಗು ಹಿಚುಕಿ ನೀರು ಚಿಮ್ಮಿಸುವ ನೀರುಕಾಯಿ ಮರ ಆಫ್ರಿಕದಿಂದ. ಗುಲ್‌ಮೊಹರ್ ಬೇರು ಆಳಕ್ಕೆ ಇಳಿಯುವುದಿಲ್ಲ, ಕೊಂಬೆ ಪೆಡಸು. ಅದರ ಬುಡಕ್ಕೆ ಕಾಂಕ್ರೀಟು ಸುರಿದು ಕಟ್ಟೆ ಕಟ್ಟಿ, ಕೇಬಲ್ಲು ಹೂಳಲು ಒಂದು ಕಡೆಯ ಬೇರು ಕತ್ತರಿಸಿ, ಮೇಲಿನಿಂದ ತಂತಿಗೆ ಅಡ್ಡವೆಂದು ಒಂದೇ ಮಗ್ಗುಲ ಕೊಂಬೆ ಕಡಿದು, ಆಮೇಲೆ ಬಿದ್ದಾಗ ‘ಗಾಳಿಗೆ ಬಿತ್ತು’ ಎಂದು ಬರೆಯುತ್ತೇವೆ. ಮೇ ತಿಂಗಳಲ್ಲಿ ತಲೆತುಂಬ ಕೆಂಪು ಹೂ ಹೊತ್ತು ನಿಂತ ಹೊತ್ತಿಗೇ ಈ ಗಾಳಿಯೂ ಬರಬೇಕೆ!

ಇನ್ನು ಕರೆಂಟು. ನಾಲ್ಕು ಹನಿ ಬೀಳುವ ಮೊದಲೇ ಹೋಗುತ್ತದೆ ಎಂದು ಬೈಯದವರು ಯಾರು? ಒಂದು ದಿನ ಕಂಬ ಹತ್ತಿ ಇಳಿದ ಲೈನ್‌ಮ್ಯಾನ್‌ಗೆ ಮಜ್ಜಿಗೆ ಕೊಟ್ಟು ಇದನ್ನೇ ಕೇಳಿದೆ. ಆತ ಉತ್ತರ ಕರ್ನಾಟಕದ ಹುಡುಗ. “ಅಕ್ಕಾರ, ಗಾಳಿ ಬಿಟ್ಟಾಗ ನಾವು ಲೈನ್ ಬಂದ್ ಮಾಡ್ಲಿಲ್ಲ ಅಂದ್ರ, ಟೊಂಗಿ ಮುರದು ವೈರ್ ಮ್ಯಾಲೆ ಬೀಳತೈತಿ, ವೈರ್ ಹರದು ರೋಡಿಗೆ ಬೀಳತೈತಿ. ನೀರಾಗ ವೈರ್ ಬಿದ್ದಿದ್ದು ಕಾಣಂಗಿಲ್ರೀ. ನೀವು ಕತ್ತಲ್ದಾಗ ಒಂದ್ ತಾಸ್ ಬೈಕೋತ ಕುಂದ್ರೂದ ಚಲೋ,” ಎಂದ. ಊರಿನಲ್ಲಿ ಅಪ್ಪನ ದ್ರಾಕ್ಷಿ ತೋಟವಿದೆಯಂತೆ, ವಿಜಯಪುರದ ಕಡೆ. ಒಣದ್ರಾಕ್ಷಿ ಮಾಡಲು ಶೆಡ್ಡಿನಲ್ಲಿ ಹಣ್ಣು ಹರವಿದ ಹೊತ್ತಿಗೆ ಅಡ್ಡಮಳೆ ಬಂದರೆ ವರ್ಷದ ದುಡಿಮೆ ಕಪ್ಪಾಗಿ ಕೂರುತ್ತದೆ. “ಇಲ್ಲಿ ಮೆಸೇಜ್ ಬಂದ್ರ ನಾ ಮೊದಲ ಅಪ್ಪಗ ಫೋನ್ ಹಚ್ತೀನ್ರಿ. ಅಲ್ಲಿದು ಬ್ಯಾರೆ ಇರತೈತಿ ಅಂತ ಗೊತ್ತೈತಿ, ಆದ್ರೂ ಹಚ್ತೀನಿ.” ಖಾಲಿ ಲೋಟ ಕೊಟ್ಟು ಮುಂದಿನ ಕಂಬಕ್ಕೆ ಹೋದ.

ಅದೇ ಹೊತ್ತಿಗೆ ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ಗಿಡ ಮೊಗ್ಗು ಕಟ್ಟಿ ಹೂಮಳೆಗೆ ಕಾದಿರುತ್ತದೆ. ಅವರಿಗೆ ಗುಡುಗಿದರೆ ಹಬ್ಬ. ಒಂದೇ ಮೋಡಕ್ಕೆ ಒಬ್ಬ ಕೈ ಮುಗಿಯುತ್ತಾನೆ, ಇನ್ನೊಬ್ಬ ಟಾರ್ಪಾಲು ಹುಡುಕುತ್ತಾನೆ.

ಮುನ್ಸೂಚನೆ ಹೇಳುವವನ ಕಷ್ಟ ನೆನೆದಾಗೆಲ್ಲ ನನಗೆ ಅಮೆರಿಕದ ಇಬ್ಬರು ಸೈನಿಕರು ನೆನಪಾಗುತ್ತಾರೆ. 1948ರ ಮಾರ್ಚ್ 20, ಓಕ್ಲಹೋಮದ ಟಿಂಕರ್ ವಾಯುನೆಲೆ. ಅಂದು ರಾತ್ರಿ ಪಾಳಿಯಲ್ಲಿದ್ದ ಕ್ಯಾಪ್ಟನ್ ಮಿಲ್ಲರ್, ಜೋರು ಗಾಳಿ ಬರಬಹುದು, ಗುಡುಗು ಮಳೆಯ ಯೋಚನೆ ಬೇಡ ಎಂದಿದ್ದ. ಬಂದದ್ದು ಟಾರ್ನೆಡೊ. ಸಾಲಾಗಿ ನಿಂತಿದ್ದ ವಿಮಾನಗಳು ನಜ್ಜುಗುಜ್ಜಾದವು. ಮೇಲಿನವರು ಸುಮ್ಮನಿರುತ್ತಾರೆಯೆ? ಇದನ್ನು ಮೊದಲೇ ತಿಳಿಯುವ ದಾರಿ ಹುಡುಕಿ ಎಂದರು. ಮಿಲ್ಲರ್ ಮತ್ತು ಮೇಜರ್ ಫಾಬುಷ್ ಹಳೆಯ ನಕ್ಷೆಗಳನ್ನೆಲ್ಲ ತಿರುವಿ ಹಾಕಿದರು. ಐದೇ ದಿನಕ್ಕೆ, 25ನೆಯ ತಾರೀಖು, ಎದುರಿಗಿದ್ದ ನಕ್ಷೆ 20ರ ನಕ್ಷೆಯ ಪಡಿಯಚ್ಚು. ಜನರಲ್ ಬಂದು, ಎಚ್ಚರಿಕೆ ಕೊಡುತ್ತೀರೋ ಇಲ್ಲವೋ ಎಂದು ಕೇಳಿದ. ಒಂದೇ ಜಾಗಕ್ಕೆ ವಾರದೊಳಗೆ ಎರಡನೆಯ ಟಾರ್ನೆಡೊ ಬರುವುದುಂಟೆ? ಇಬ್ಬರಿಗೂ ನಂಬಿಕೆ ಇಲ್ಲ. ಆದರೂ ಬರೆದುಕೊಟ್ಟರು. ವಿಮಾನಗಳನ್ನು ಒಳಗೆ ಸೇರಿಸಿದರು, ಜನ ಸುರಕ್ಷಿತ ಜಾಗಕ್ಕೆ ಹೋದರು. ಮಿಲ್ಲರ್ ಮರ್ಯಾದೆ ಹೋಯಿತೆಂದುಕೊಂಡು ಮನೆಗೆ ಹೋದ. ಸಂಜೆ ಆರರ ಹೊತ್ತಿಗೆ ಟಾರ್ನೆಡೊ ಬಂದು ಅದೇ ನೆಲೆಯ ಮೇಲೆ ಹಾದುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ತಮಾಷೆಯೆಂದರೆ ಆ ದೇಶದ ನಾಗರಿಕ ಹವಾಮಾನ ಇಲಾಖೆಯಲ್ಲಿ 1950ರವರೆಗೂ ಮುನ್ಸೂಚನೆಯಲ್ಲಿ ಟಾರ್ನೆಡೊ ಎಂಬ ಹೆಸರನ್ನೇ ಎತ್ತುವಂತಿರಲಿಲ್ಲ. ಜನ ಗಾಬರಿಯಾಗುತ್ತಾರೆಂದು! ನಮ್ಮಲ್ಲಿ ಅದಕ್ಕೆ ತಿರುಗುಮುರುಗು. ಇಲಾಖೆ ಹಳದಿ ಎಚ್ಚರಿಕೆ ಕೊಡುತ್ತದೆ, ಹಳದಿಯೆಂದರೆ ಗಮನವಿಟ್ಟಿರಿ ಎಂದಷ್ಟೇ, ಸಿದ್ಧರಾಗಿ ಎನ್ನಲು ಕಿತ್ತಳೆ, ಕ್ರಮ ಕೈಗೊಳ್ಳಿ ಎನ್ನಲು ಕೆಂಪು. ಟಿ.ವಿ.ಗೆ ಬರುವಷ್ಟರಲ್ಲಿ ಆ ಹಳದಿ ರಣಕಹಳೆಯೊಂದಿಗೆ ‘ಇನ್ನೆರಡು ದಿನ ಮನೆಯಿಂದ ಹೊರಬರಬೇಡಿ’ ಆಗಿರುತ್ತದೆ.

ಎಂದೂ ತಪ್ಪದ ಮುನ್ಸೂಚನೆ ಎಂದರೆ ಪಂಚಾಂಗದ್ದು. ಯುಗಾದಿಯ ಸಂಜೆ ದೇವಸ್ಥಾನದಲ್ಲಿ ಓದುತ್ತಾರೆ: ಈ ಸಂವತ್ಸರದಲ್ಲಿ ಇಷ್ಟು ಕೊಳಗ ಮಳೆ. ಸಮುದ್ರದಲ್ಲಿ ಇಷ್ಟು ಭಾಗ, ಪರ್ವತದಲ್ಲಿ ಇಷ್ಟು ಭಾಗ, ಭೂಮಿಯ ಮೇಲೆ ಇಷ್ಟು ಭಾಗ. ನೋಡಿ, ಇಲ್ಲಿಯೂ ಮೂರೇ ವಿಭಾಗ! ಸಮುದ್ರದಲ್ಲಿ ಬಿದ್ದದ್ದನ್ನು ಅಳೆದವರಿಲ್ಲ, ಹಾಗಾಗಿ ಲೆಕ್ಕ ತಪ್ಪಿತೆನ್ನುವವರೂ ಇಲ್ಲ. ಆದರೆ ನಕ್ಷತ್ರದ ಮಳೆಗಳ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ. ಏಪ್ರಿಲ್ ನಡುವಿನಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಆಮೇಲೆ ಕೃತ್ತಿಕೆ, ರೋಹಿಣಿ, ಮೃಗಶಿರ, ಒಂದೊಂದಕ್ಕೂ ಹದಿಮೂರು, ಹದಿನಾಲ್ಕು ದಿನ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವವರು ನಾಳೆ ಸಂಜೆಯ ಮಳೆ ಹೇಳುತ್ತಿರಲಿಲ್ಲ, ಬಂದರೆ ಏನು ಬಿತ್ತಬೇಕೆಂದು ಹೇಳುತ್ತಿದ್ದರು. ಎರಡೂ ಬೇರೆ ಬೇರೆ ಕೆಲಸ.

ನಮ್ಮತ್ತೆ ತಿಪಟೂರಿನ ಕಡೆಯವರು. ಅಲ್ಲಿ ತೆಂಗು ಬಿಟ್ಟರೆ ಎತ್ತರದ್ದು ಇನ್ನೇನಿದೆ? ಸಿಡಿಲು ಹುಡುಕಿಕೊಂಡು ಬರುವುದು ಅದರ ತಲೆಗೇ. ಮರದ ತುದಿ ಮಳೆಯಲ್ಲೇ ಹೊತ್ತಿಕೊಂಡು ಉರಿಯುವುದನ್ನು ನಾನು ಮೊದಲು ಕಂಡದ್ದು ಮದುವೆಯಾಗಿ ಆ ತೋಟಕ್ಕೆ ಹೋದ ಮೇಲೆ. ಗರಿಗಳೆಲ್ಲ ಕೆಳಕ್ಕೆ ಜೋತು, ಸುಳಿ ಸುಟ್ಟು, ವಾರಗಟ್ಟಲೆ ಕರ್ರಗೆ ನಿಂತಿತ್ತು. ಗುಡುಗಿದರೆ ಅತ್ತೆ ಇಂದಿಗೂ ಅರ್ಜುನನ ಹತ್ತು ಹೆಸರು ಹೇಳುತ್ತಾರೆ. ವಜ್ರಾಯುಧ ಇಂದ್ರನದು, ಅರ್ಜುನ ಇಂದ್ರನ ಮಗ, ಮಗನ ಹೆಸರು ಕೇಳಿದರೆ ಅಪ್ಪ ಕೈ ತಡೆಯುತ್ತಾನೆ. ನಮ್ಮ ಶಿಫಾರಸು ಪದ್ಧತಿ ಎಷ್ಟು ಹಳೆಯದು ನೋಡಿ.

ಮಿಂಚಿದ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರ ಸಿಗುತ್ತದೆ. ಅತ್ತೆ ಹತ್ತು ಹೆಸರು ಹೇಳಿ ಮುಗಿಸಲು ಸುಮಾರು ಆರು ಸೆಕೆಂಡು. ಮಿಂಚಿಗೇ ಶುರುಮಾಡಿ, ಹೆಸರು ಮುಗಿಯುವ ಮೊದಲೇ ಗುಡುಗಿತೆಂದರೆ ಸಿಡಿಲು ಎರಡು ಕಿಲೋಮೀಟರಿನೊಳಗೆ ಬಿದ್ದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ 20, 40 ಕಿಲೋಮೀಟರ್ ದೂರದ ಮಿಂಚನ್ನೇ ತೋರಿಸುತ್ತದೆ, ನಮ್ಮ ರಾಜ್ಯದ್ದೇ ‘ಸಿಡಿಲು’ ಎಂಬ ಇನ್ನೊಂದಿದೆ. ಅತ್ತೆಯ ಆ್ಯಪ್‌ಗೆ ಅಷ್ಟು ದೂರ ಕಾಣುವುದಿಲ್ಲ, ಆದರೆ ಚಾರ್ಜು ಮುಗಿಯುವುದಿಲ್ಲ.

ತಮಾಷೆ ಇಲ್ಲಿಗೆ ಸಾಕು. 2022ರಲ್ಲಿ ಈ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಸಾಲಿನ ಸುದ್ದಿ ಬರುತ್ತದೆ: ಕುರಿ ಕಾಯುತ್ತಿದ್ದವರು, ಹೊಲದಲ್ಲಿ ಕಳೆ ಕೀಳುತ್ತಿದ್ದವರು, ಮಳೆ ಬಂತೆಂದು ಮರದಡಿ ನಿಂತವರು. ಸಿಡಿಲು ಮರಕ್ಕೆ ಬಡಿದರೂ ಕರೆಂಟು ನೆಲದಲ್ಲಿ ಹರಡುತ್ತದೆ. ಎರಡು ಕಾಲಿನ ನಡುವೆ ಅಂತರ ಹೆಚ್ಚಿದ್ದಷ್ಟೂ ಮೈಯೊಳಗೆ ಹಾಯುವುದು ಹೆಚ್ಚು. ಮರದಡಿ ನಿಂತ ದನಗಳು ಒಟ್ಟಿಗೆ ಸಾಯುವುದು ಅದಕ್ಕೇ, ಮುಂಗಾಲಿಗೂ ಹಿಂಗಾಲಿಗೂ ಅಷ್ಟು ದೂರ. ಬಯಲಿನಲ್ಲಿ ಸಿಕ್ಕಿಬಿದ್ದು ಎಲ್ಲಿಗೂ ಓಡಲಾಗದಿದ್ದರೆ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಮಲಗಬಾರದು. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಸೂರಿನಿಂದ ಹೊರಗೆ ಬರಬಾರದು. ಇದನ್ನು ಫೋನಿನ ಸಂದೇಶ ಹೇಳುತ್ತದೆ. ಅದು ತಲುಪಬೇಕಾದ ಕುರಿಗಾಹಿಯ ಫೋನಿಗೆ ಗುಡ್ಡದ ಮೇಲೆ ಸಿಗ್ನಲ್ ಇರುವುದಿಲ್ಲ. ಫ್ಯಾನಿನ ಕೆಳಗೆ ಮಲಗಿದ ನನಗೆ ಮೂರು ಸಲ ತಲುಪುತ್ತದೆ.

ಗಾಳಿಮಳೆಯ ಮಾರನೆಯ ದಿನದ ಮಾರುಕಟ್ಟೆಯನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. ಶ್ರೀನಿವಾಸಪುರದ ಕಡೆಯಿಂದ ಉದುರಿದ ಮಾವಿನಕಾಯಿ ರಾತ್ರೋರಾತ್ರಿ ಟೆಂಪೊ ತುಂಬಿ ಬಂದಿರುತ್ತದೆ. ಬೆಳೆದವನ ಹೊಟ್ಟೆ ಉರಿಯುವ ಬೆಲೆಗೆ ತಳ್ಳುಗಾಡಿಯಲ್ಲಿ ರಾಶಿ. ನಾನು ಉಪ್ಪಿನಕಾಯಿಗೆಂದು ಐದು ಕಿಲೋ ತೂಗಿಸುತ್ತಿದ್ದೆ, ಅತ್ತೆ ಒಂದು ಕಾಯಿ ತೆಗೆದು ತೊಟ್ಟಿನ ಹತ್ತಿರ ಹೆಬ್ಬೆರಳಿಟ್ಟು ಒತ್ತಿದರು. ಕಂದು ಬಣ್ಣದ ಸಣ್ಣ ಗಾಯ, ಒಂದು ಹನಿ ಸೊನೆ.

“ಎಲ್ಲಾ ಬಿದ್ದ ಕಾಯೇನಪ್ಪ?”

“ಎಲ್ಲಾ ಅಲ್ಲಮ್ಮ, ಒಂದೆರಡು ಇರ್ಬೋದು.”

“ಒಂದೆರಡು ಅಂದ್ರೆ ನೂರಕ್ಕೆ ಇಪ್ಪತ್ತೈದು ಅಂತೆ, ನಮ್ಮ ಸೊಸೆ ಹೇಳ್ತಾಳೆ,” ಎಂದು ಅತ್ತೆ ತಕ್ಕಡಿಯಿಂದ ಕಾಯಿಗಳನ್ನು ವಾಪಸು ಸುರಿದರು. ಪೆಟ್ಟು ಬಿದ್ದ ಕಾಯಿ ಜಾಡಿಗೆ ಹಾಕಿದರೆ ಆಷಾಢಕ್ಕೆ ಬೂಸಲು. ಅದೇನಿದ್ದರೂ ಇವತ್ತೇ ಚಿತ್ರಾನ್ನಕ್ಕೆ, ಗೊಜ್ಜಿಗೆ. ಒಂದು ಕಿಲೋ ಮಾತ್ರ ತೆಗೆದುಕೊಂಡು, ಉಪ್ಪಿನಕಾಯಿಗೆ ಮರದಿಂದ ಕಿತ್ತ ಕಾಯಿ ಹುಡುಕಿಕೊಂಡು ಇಬ್ಬರೂ ಮುಂದಿನ ಗಾಡಿಗೆ ಹೋದೆವು. ಅಲ್ಲಿ ಕಿಲೋಗೆ ಇಪ್ಪತ್ತು ರೂಪಾಯಿ ಜಾಸ್ತಿ.